ಹಕ್ಕಿಗೆ ಹಸಿಯಾಗಿಯೇ ಹೋಗುವ ಮೊಳಕೆ: ಪಾತ್ರೆಯ ಆಯ್ಕೆಯಿಂದ ಫ್ರಿಜ್ಜಿನ ಡಬ್ಬಿಯವರೆಗೆ

ಕೋಲಾರದ ಮನೆಗಳಲ್ಲಿ ಮೊಳಕೆ ಕಟ್ಟುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹುರುಳಿಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು, ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿಟ್ಟರೆ ಮರುದಿನದ ಸಾರಿಗೆ ಸಿದ್ಧ. ಮಗುವಿಗೆ ಸರಿ ಮಾಡುವವರು ರಾಗಿಯನ್ನೂ ಹಾಗೆಯೇ ಕಟ್ಟಿ, ಮೊಳೆತ ಮೇಲೆ ಒಣಗಿಸಿ, ಹುರಿದು, ಬೀಸುತ್ತಾರೆ. ಬಡ್ಜಿಗಳನ್ನು, ಅಂದರೆ ಪಂಜರದಲ್ಲಿ ಸಾಕುವ ಪುಟ್ಟ ಗಿಳಿಗಳನ್ನು, ತಂದ ಹೊಸತರಲ್ಲಿ ನಾನೂ ಅದೇ ಧೈರ್ಯದಿಂದ ಅವುಗಳಿಗೆ ನವಣೆ ಮೊಳಕೆ ಕಟ್ಟಲು ಹೊರಟೆ.

ಅದು ಏಪ್ರಿಲ್ ತಿಂಗಳು. ಗಂಟನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದ್ದೆ. ಸಂಜೆ ಬಿಚ್ಚಿ ನಡುವೆ ಬೆರಳಿಟ್ಟರೆ ಬಿಸಿ! ಹೊರಪದರದ ಕಾಳಿನಲ್ಲಿ ಚೆಂದದ ಬಿಳಿ ಮೊಳಕೆ; ಒಳಗಿನದೆಲ್ಲ ಅಂಟಂಟು, ಹುಳಿ ಬಂದ ದೋಸೆಹಿಟ್ಟಿನ ವಾಸನೆ. ಒಳಗಿನದನ್ನು ಚೆಲ್ಲಿ, ಹೊರಗಿನದನ್ನು ತೊಳೆದು ಹಕ್ಕಿಗಳಿಗೆ ಹಾಕಿದೆ. ಮರುದಿನ ಸಂಜೆಗೆ ನೀಲಿ ಬಡ್ಜಿ ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿತು, ತಲೆ ಕೊಡವಿ ಕಾಳು ಕಾರಿಕೊಂಡಿತು. ಮೂರನೆಯ ದಿನ ಅದು ಇರಲಿಲ್ಲ. ಕಾರಣ ಮೊಳಕೆಯೇ ಎಂದು ಪ್ರಮಾಣ ಮಾಡಿ ಹೇಳಲಾರೆ, ಆದರೆ ಆ ಗಂಟಿನ ವಾಸನೆ ಇನ್ನೂ ಮೂಗಿನಲ್ಲಿದೆ.

‘ನಾನು 50 ವರ್ಷದಿಂದ ಬಟ್ಟೆಯಲ್ಲೇ ಕಟ್ಟುತ್ತಿದ್ದೇನೆ, ಯಾರಿಗೆ ಏನಾಗಿದೆ?’ ಎಂದರು ನಮ್ಮ ಅತ್ತೆ.

‘ನೀವು ಅದನ್ನು ಬೇಯಿಸದೆ ಬಡಿಸಿದ್ದೀರಾ ಅತ್ತೆ?’ ಎಂದೆ.

‘ಕೋಸಂಬರಿ ಬೇಯಿಸಿ ಮಾಡುತ್ತೀಯಾ ನೀನು?’ ಎಂದು ತಿರುಗಿ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಕೋಸಂಬರಿಯ ಬೇಳೆ ಬೆಳಿಗ್ಗೆ ನೆನೆದು ಮಧ್ಯಾಹ್ನದ ಊಟಕ್ಕೆ ಮುಗಿದುಹೋಗುತ್ತದೆ. ಎರಡು ದಿನ ಒದ್ದೆಯಲ್ಲಿ ಕೂರುವುದಿಲ್ಲ. ಅಲ್ಲದೆ 40 ಗ್ರಾಂ ಕೂಡ ತೂಗದ ಹಕ್ಕಿಗೂ ನಮಗೂ ಎಲ್ಲಿಯ ಹೋಲಿಕೆ! ಈಗ ನಮ್ಮ ಮನೆಯಲ್ಲಿ ರಾಜಿಯಾಗಿದೆ: ಸಾರಿನ ಹುರುಳಿ ಅತ್ತೆಯ ಗಂಟಿನಲ್ಲಿ, ಹಕ್ಕಿಯ ನವಣೆ ನನ್ನ ಬಾಟಲಿಯಲ್ಲಿ.

ಮುಂದೆ ಹೇಳುವುದೆಲ್ಲ ಈ ಒಂದು ವ್ಯತ್ಯಾಸದಿಂದ ಹುಟ್ಟಿದ್ದು. ಸಾರಿನ ಕಾಳು ಕುದಿಯುತ್ತದೆ. ಗಂಟಿನೊಳಗೆ ಏನೇ ತಪ್ಪಾಗಿದ್ದರೂ ಒಲೆ ಅದನ್ನು ಬಹುಮಟ್ಟಿಗೆ ಮಾಫಿ ಮಾಡಿಬಿಡುತ್ತದೆ. ಹಕ್ಕಿಗೆ ಆ ರಿಯಾಯಿತಿ ಇಲ್ಲ. ಕಾಳು ಮೊಳೆಯಲು ಬೇಕಾದ ತೇವ ಮತ್ತು ಬೆಚ್ಚನೆಯೇ ಬ್ಯಾಕ್ಟೀರಿಯಾಕ್ಕೂ ಬೂಷ್ಟಿಗೂ ಬೇಕಾದದ್ದು. 2011ರಲ್ಲಿ ಜರ್ಮನಿಯಲ್ಲಿ ಹಸಿ ಮೊಳಕೆ ತಿಂದು ಇ. ಕೊಲೈ ಸೋಂಕು ತಗುಲಿ 50ಕ್ಕೂ ಹೆಚ್ಚು ಜನ ಸತ್ತರು. ತನಿಖೆಯ ಬೆರಳು ಕೊನೆಗೆ ತೋರಿಸಿದ್ದು ಮೆಂತ್ಯದ ಕಾಳಿನತ್ತ. ಮನುಷ್ಯರ ಪಾಡೇ ಹಾಗಾದರೆ ಹಕ್ಕಿಯದು ಕೇಳಬೇಕೇ? ಹಕ್ಕಿಗಳಿಗೆ ಬೂಷ್ಟಿನ ಕಾಟ ಬೇರೆ. ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಧೂಳು ಉಸಿರಿನ ಜೊತೆ ಒಳಹೋಗಿ ಅವುಗಳ ಶ್ವಾಸಕೋಶ ಮತ್ತು ಗಾಳಿಚೀಲಗಳಲ್ಲಿ ಬೆಳೆದುಬಿಡುತ್ತದೆ.

ಹೆದರಿಸಲು ಹೇಳುತ್ತಿಲ್ಲ. ಒಣ ನವಣೆಯನ್ನೇ ದಿನವೂ ತಿನ್ನುವ ಹಕ್ಕಿಗೆ ಮೊಳಕೆಯಷ್ಟು ಸುಲಭವಾಗಿ ಒಗ್ಗುವ ಹಸಿ ಆಹಾರ ಇನ್ನೊಂದಿಲ್ಲ. ಸೊಪ್ಪು, ಕ್ಯಾರೆಟ್ ಕಂಡರೆ ಮುಖ ತಿರುಗಿಸುವ ಬಡ್ಜಿಯೂ ಮೊಳಕೆಯನ್ನು ಪರಿಚಿತ ಕಾಳೆಂದೇ ಭಾವಿಸಿ ಬಾಯಿ ಹಾಕುತ್ತದೆ. ಕಾಳಿನ ಪಿಷ್ಟ ಒಡೆದು ಜೀರ್ಣಕ್ಕೆ ಹಗುರವಾಗಿರುತ್ತದೆ, ಒಣಕಾಳಿನಲ್ಲಿ ಇಲ್ಲದ ಸಿ ಜೀವಸತ್ವವೂ ಹುಟ್ಟಿಕೊಂಡಿರುತ್ತದೆ.

ಅಂದ ಹಾಗೆ, ನಮ್ಮ ಕಡೆ ‘ಲವ್ ಬರ್ಡ್ಸ್’ ಎಂದು ಕರೆಯುವುದು ಹೆಚ್ಚಾಗಿ ಬಡ್ಜಿಗಳನ್ನೇ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಗಾತ್ರದಲ್ಲಿ ದಪ್ಪ, ಬಾಲ ಮೋಟು. ಇಲ್ಲಿನ ಲೆಕ್ಕ ಇವೆರಡಕ್ಕೂ, ಜುಟ್ಟಿನ ಗಿಳಿಯಾದ ಕಾಕಟೀಲ್ ಮತ್ತು ಕಾಳು ತಿನ್ನುವ ಪುಟ್ಟ ಫಿಂಚ್ ಹಕ್ಕಿಗಳಿಗೂ ಹೊಂದುತ್ತದೆ. ಮಾವಿನ ತೋಪಿನಲ್ಲಿ ಸಿಕ್ಕ ಹಸಿರು ಗಿಳಿಮರಿಯನ್ನು ಸಾಕಲು ಈ ಲೇಖನ ಓದುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಅರಣ್ಯ ಇಲಾಖೆಗೆ ತಿಳಿಸಿ.

ಮೊದಲು ಕಾಳು

ಮೊಳಕೆ ಕೆಟ್ಟಾಗ ಎಲ್ಲರೂ ಪಾತ್ರೆಯನ್ನು ಬೈಯುತ್ತಾರೆ. ಎಷ್ಟೋ ಸಲ ತಪ್ಪು ಸತ್ತ ಕಾಳಿನದು. ಜೀವವಿಲ್ಲದ ಕಾಳು ನೀರು ಕುಡಿದು ಉಬ್ಬಿ, ಮೊಳೆಯಲಾಗದೆ ಅಲ್ಲೇ ಕೊಳೆಯುತ್ತದೆ, ಪಕ್ಕದವಕ್ಕೂ ಅಂಟಿಸುತ್ತದೆ. ಆದ್ದರಿಂದ ಹೊಸ ಕಾಳು ತಂದ ದಿನವೇ 20 ಕಾಳು ಎಣಿಸಿ ಒದ್ದೆ ಬಟ್ಟೆಯ ಮಡಿಕೆಯಲ್ಲಿ ಒಂದು ತಟ್ಟೆಯ ಮೇಲಿಡಿ. ಎರಡು ದಿನದಲ್ಲಿ 16ಕ್ಕಿಂತ ಕಡಿಮೆ ಮೊಳೆತರೆ ಆ ಚೀಲ ಮೊಳಕೆಗೆ ಬೇಡ. ಹುಳುವಿಲ್ಲದೆ, ಮುಗ್ಗಲು ವಾಸನೆಯಿಲ್ಲದೆ ಚೆನ್ನಾಗಿದ್ದರೆ ಒಣಕಾಳಾಗಿಯೇ ಹಾಕಿ ಮುಗಿಸಿ.

ನಾನು ಬಳಸುವುದು ನವಣೆ, ರಾಗಿ, ಗೋಧಿ, ಹೆಸರುಕಾಳು. ಅಪರೂಪಕ್ಕೆ ಸಾಮೆ, ಸಜ್ಜೆ. ದೊಡ್ಡಪೇಟೆಯ ಅಂಗಡಿಯಲ್ಲಿ ನವಣೆ ಕೇಳುವಾಗ ಎರಡು ಎಚ್ಚರ. ಒಂದು, ಪೊಟ್ಟಣದಲ್ಲಿ ಬರುವ ನವಣೆ ಅಕ್ಕಿಯ ಹೊಟ್ಟನ್ನು ಗಿರಣಿಯಲ್ಲಿ ತೆಗೆದಿರುತ್ತಾರೆ. ಅನ್ನಕ್ಕೆ ಸರಿ, ನೀರಿಗೆ ಹಾಕಿದರೆ ಮೊಳೆಯುವುದಿಲ್ಲ, ಗಂಜಿಯಾಗುತ್ತದೆ. ನಮಗೆ ಬೇಕಾದದ್ದು ಹೊಟ್ಟು ಸಹಿತ ಕಾಳು, ಹಕ್ಕಿ ಅಂಗಡಿಯವರು ಕಂಗ್ನಿ ಎಂದು ಮಾರುವುದು. ಎರಡು, ಇಲ್ಲಿ ಅರ್ಧ ವ್ಯಾಪಾರ ತೆಲುಗಿನಲ್ಲೇ ನಡೆಯುತ್ತದೆ. ತೆಲುಗಿನವರ ‘ಕೊರ್ರಲು’ ಎಂದರೆ ನವಣೆ. ಕನ್ನಡದ ‘ಕೊರಲೆ’ ಎಂದರೆ ತುಮಕೂರು ಕಡೆ ಹೆಚ್ಚು ಕಾಣುವ ಬೇರೆಯೇ ಧಾನ್ಯ. ಹಕ್ಕಿಗೆ ಎರಡರಿಂದಲೂ ತೊಂದರೆಯಿಲ್ಲ, ಆದರೆ ಒಂದು ಕೇಳಿ ಇನ್ನೊಂದು ತಂದರೆ ನೆನೆಸುವ ಹೊತ್ತಿನ ಲೆಕ್ಕ ತಪ್ಪುತ್ತದೆ. ನನಗೆ ಹೀಗೆ ಒಮ್ಮೆ ಎರಡು ಕಿಲೋ ಕೊರಲೆ ಬಂದಿತ್ತು. ಅರ್ಧ ಹಕ್ಕಿಗೆ, ಅರ್ಧ ಗಿರಣಿಗೆ ಹೋಗಿ ನಮ್ಮ ಉಪ್ಪಿಟ್ಟಿಗೆ ಆಯಿತು.

ಬೇಡದವು ಇವು. ಗುಲಾಬಿ, ಕೆಂಪು, ನೀಲಿ ಬಣ್ಣ ಬಳಿದ ಬಿತ್ತನೆ ಬೀಜಕ್ಕೆ ಶಿಲೀಂಧ್ರನಾಶಕ, ಕೀಟನಾಶಕದ ಲೇಪವಿರುತ್ತದೆ. ತೊಳೆದರೆ ಹೋದೀತು ಎಂಬ ಆಸೆ ಬೇಡ. ಮಿಕ್ಕ ಬೀಜವನ್ನು ಪಕ್ಕದ ಹೊಲದವರು ಪುಕ್ಕಟೆ ಕೊಟ್ಟರೂ ಬೇಡ. ಹುಳು ಬೀಳದಿರಲೆಂದು ಬೋರಿಕ್ ಪುಡಿ ಬೆರೆಸಿಟ್ಟ ಕಾಳೂ ಬೇಡ. ಜೋಳದ ಮೊಳಕೆಯನ್ನು ನಾನು ಮಾಡುವುದೇ ಇಲ್ಲ. ಎಳೆಯ ಜೋಳದ ಪೈರಿಗೆ ನುಗ್ಗಿದ ದನ ಸತ್ತ ಕಥೆಯನ್ನು ಹಳ್ಳಿಯಲ್ಲಿ ಬೆಳೆದವರು ಕೇಳಿಯೇ ಇರುತ್ತಾರೆ. ಜೋಳದ ಎಳೆ ಚಿಗುರಿನಲ್ಲಿರುವ ಒಂದು ವಸ್ತು ಹೊಟ್ಟೆಯಲ್ಲಿ ಸಯನೈಡ್ ಬಿಡುತ್ತದೆ. ಒಣ ಜೋಳಕ್ಕೆ ಆ ಭಯವಿಲ್ಲ. ಇನ್ನು ನಮ್ಮ ಜಿಲ್ಲೆಯಲ್ಲಿ ಅವರೆ ಸುಗ್ಗಿ ಬಂದರೆ ಬೆಳಿಗ್ಗೆ ಉಪ್ಪಿಟ್ಟಿಗೆ ಅವರೆ, ರಾತ್ರಿ ಹಿತಕಿದ ಬೇಳೆ ಸಾರಿಗೆ ಅವರೆ. ಹಕ್ಕಿಗೂ ನಾಲ್ಕು ಹಾಕೋಣ ಅನ್ನಿಸುವುದು ಸಹಜ. ಹಸಿ ಅವರೆ, ಹಸಿ ರಾಜ್ಮಾ, ಹಸಿ ಸೋಯಾ ಮೊಳೆತರೂ ಒಳಗಿನ ವಿಷಾಂಶ ಪೂರ್ತಿ ಹೋಗುವುದಿಲ್ಲ. ಚೆನ್ನಾಗಿ ಬೆಂದ ಮೇಲಷ್ಟೇ ಅವು ಆಹಾರ.

ಪಾತ್ರೆಯಲ್ಲಿ ನೋಡಬೇಕಾದದ್ದು

ಪಾತ್ರೆ ಎಷ್ಟು ಚೆಂದ, ಎಷ್ಟು ಬೆಲೆ ಎಂಬುದು ಆಮೇಲೆ. ಮೂರೇ ಪ್ರಶ್ನೆ ಕೇಳಿಕೊಳ್ಳಿ. ನೀರು ಕೊನೆಯ ಹನಿಯವರೆಗೆ ಬಸಿಯುತ್ತದೆಯೇ? ಗಾಳಿ ಆಡುತ್ತದೆಯೇ? ಕೈ ಅಥವಾ ಬ್ರಷ್ ಎಲ್ಲ ಮೂಲೆಗೂ ಹೋಗುತ್ತದೆಯೇ? ಬಟ್ಟೆಗಂಟು ಮೊದಲನೆಯದರಲ್ಲಿ ಅರ್ಧ ಪಾಸು, ಉಳಿದೆರಡರಲ್ಲಿ ನಪಾಸು. ಮೊಳೆಯುವ ಕಾಳು ಉಸಿರಾಡುತ್ತದೆ, ಉಸಿರಾಡುವಾಗ ಬಿಸಿ ಹುಟ್ಟುತ್ತದೆ. ಬಿಗಿಯಾಗಿ ಕಟ್ಟಿದ ಗಂಟಿನ ನಡುವೆ ಆ ಬಿಸಿ ಹೊರಹೋಗಲು ದಾರಿಯಿಲ್ಲ. ನನ್ನ ಬೆರಳಿಗೆ ತಗುಲಿದ್ದು ಆ ಬಿಸಿಯೇ.

ನನ್ನ ಮೊದಲ ಆಯ್ಕೆ ಅಗಲ ಬಾಯಿಯ ಗಾಜಿನ ಬಾಟಲಿ. ಹಳೆಯ ಹಾರ್ಲಿಕ್ಸ್ ಬಾಟಲಿ ಇದ್ದವರು ಪುಣ್ಯವಂತರು. ಉಪ್ಪಿನಕಾಯಿ ಬಾಟಲಿಯೂ ಆದೀತು, ಆದರೆ ಮುಚ್ಚಳ ಬಿಸಾಡಿ. ಎಣ್ಣೆ, ಇಂಗಿನ ವಾಸನೆ ಅದರ ರಬ್ಬರಿನಲ್ಲೇ ಉಳಿದಿರುತ್ತದೆ. ಬಾಯಿಗೆ ತೆಳುವಾದ ಹತ್ತಿಬಟ್ಟೆಯನ್ನೋ ನೈಲಾನ್ ಸೊಳ್ಳೆಪರದೆಯ ತುಂಡನ್ನೋ ರಬ್ಬರ್ ಬ್ಯಾಂಡಿನಿಂದ ಬಿಗಿದರೆ ಕೆಲಸ ಮುಗಿಯಿತು. ಕಿಟಕಿಗೆ ಹೊಡೆಯುವ ಕಬ್ಬಿಣದ ಜಾಲರಿಯ ತುಂಡು ಮಾತ್ರ ಬೇಡ. ಅದಕ್ಕೆ ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಟ್ಟಿರುತ್ತಾರೆ, ಸತು ಹಕ್ಕಿಗಳಿಗೆ ವಿಷ. ಹೊಸ ಪಂಜರದ ತಂತಿ ಕಚ್ಚಿ ಹಕ್ಕಿ ಕಾಯಿಲೆ ಬೀಳುವುದೂ ಇದೇ ಕಾರಣಕ್ಕೆ.

ಬಾಟಲಿಯ ಗುಟ್ಟು ಅದನ್ನು ಇಡುವ ರೀತಿಯಲ್ಲಿದೆ. ನೇರ ನಿಲ್ಲಿಸಿದರೆ ನೀರು ತಳದಲ್ಲಿ ಕೂರುತ್ತದೆ; ಪೂರ್ತಿ ಬೋರಲು ಹಾಕಿದರೆ ಕಾಳೆಲ್ಲ ಬಾಯಿಗೆ ಬಂದು ಬಟ್ಟೆ ಕಟ್ಟಿಕೊಂಡು ಗಾಳಿ ನಿಲ್ಲುತ್ತದೆ. ಪಾತ್ರೆ ಒಣಗಿಸುವ ಸ್ಟ್ಯಾಂಡಿನಲ್ಲಿ ಬಾಯಿ ಕೆಳಗೆ, ತಳ ಮೇಲೆ, 45 ಡಿಗ್ರಿಯಷ್ಟು ಓರೆಯಾಗಿ ಒರಗಿಸಿ. ಅದಕ್ಕೆ ಮೊದಲು ಬಾಟಲಿಯನ್ನು ಅಡ್ಡ ಹಿಡಿದು ಮೆಲ್ಲಗೆ ಉರುಳಿಸಿದರೆ ಒದ್ದೆ ಕಾಳು ಗಾಜಿನ ಗೋಡೆಗೆ ತೆಳ್ಳಗೆ ಹರಡಿ ಅಂಟಿಕೊಳ್ಳುತ್ತದೆ. ಆ ತೆಳು ಪದರವೇ ನಮಗೆ ಬೇಕಾದದ್ದು. ಅರ್ಧ ಲೀಟರ್ ಬಾಟಲಿಗೆ ಎರಡು ದೊಡ್ಡ ಚಮಚಕ್ಕಿಂತ ಹೆಚ್ಚು ಒಣಕಾಳು ಹಾಕಬೇಡಿ. ಉಬ್ಬಿ ಎರಡು ಮೂರು ಪಟ್ಟಾಗುತ್ತದೆ.

ಒಂದೋ ಎರಡೋ ಹಕ್ಕಿ ಇರುವವರಿಗೆ ಬಾಟಲಿಯೂ ದೊಡ್ಡದೇ. ಅವರಿಗೆ ಸ್ಟೀಲಿನ ಟೀ ಜರಡಿ ಸಾಕು, ನಿಜ ಹೇಳಬೇಕೆಂದರೆ ಬಾಟಲಿಗಿಂತ ಮೇಲು. ಒಂದು ಲೋಟದ ಮೇಲೆ ಕೂರಿಸಿ, ಮೇಲೊಂದು ಒದ್ದೆ ಬಟ್ಟೆ ಹೊದಿಸಿದರೆ ಎಲ್ಲ ಕಡೆಯಿಂದಲೂ ಗಾಳಿ, ಕೆಳಗೆ ನೀರು ನಿಲ್ಲುವ ಮಾತೇ ಇಲ್ಲ. ನವಣೆ ಅದರಲ್ಲಿ ನಿಲ್ಲುತ್ತದೆ. ರಾಗಿ ಮಾತ್ರ ಸೋರಿಹೋಗುತ್ತದೆ, ಒಳಗೆ ಬಟ್ಟೆ ಹಾಸಬೇಕು. ಟೀಗೆ ಬಳಸುವ ಜರಡಿಯನ್ನೇ ಇದಕ್ಕೂ ತರಬೇಡಿ. ಜಾಲರಿಯ ಅಂಚು ಸ್ಟೀಲಿನ ಬಳೆಯೊಳಗೆ ಮಡಿಸಿದ ಕಡೆ ಕಸ ಸೇರುತ್ತದೆ. ಅಲ್ಲಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಬೇಕೇ ಬೇಕು.

ಅಂಗಡಿಯಲ್ಲಿ ಸಿಗುವ ಮೂರು ಅಂತಸ್ತಿನ ಪ್ಲಾಸ್ಟಿಕ್ ಮೊಳಕೆ ಡಬ್ಬಿಯ ಬಗ್ಗೆ ನನಗೆ ಅಷ್ಟು ಪ್ರೀತಿಯಿಲ್ಲ. ಹೆಸರುಕಾಳಿಗೆ ಪರವಾಗಿಲ್ಲ. ನವಣೆ ತೂತಿನಲ್ಲಿ ಸಿಕ್ಕಿಕೊಂಡು ಅಲ್ಲೇ ಬೇರು ಬಿಟ್ಟು, ಕೀಳಲು ಸೂಜಿ ಹಿಡಿಯಬೇಕಾಗುತ್ತದೆ. ವರ್ಷ ಕಳೆದರೆ ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಲೋಳೆ ಮನೆ ಮಾಡುತ್ತದೆ. ಮಣ್ಣಿನ ಕುಡಿಕೆ ತಂಪು ಎಂದು ಕೆಲವರು ಹೇಳುತ್ತಾರೆ. ತಂಪು ನಿಜ, ಆದರೆ ಅದು ಹೀರಿದ ನೀರಿನ ಜೊತೆ ಹಿಂದಿನ ಬಾರಿಯ ಬೂಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ. ಬಿದಿರಿನ ತಟ್ಟೆಗೂ ಅದೇ ಮಾತು. ತಾಮ್ರ, ಹಿತ್ತಾಳೆ ಬೇಡ.

ನೆನೆಸಿ, ಬಸಿದು, ತೊಳೆದು

ಮೊದಲು ಒಣಕಾಳನ್ನು ತಟ್ಟೆಯಲ್ಲಿ ಆರಿಸಿ, ತೇಲುವ ಜೊಳ್ಳು ಹೋಗುವವರೆಗೆ ನಾಲ್ಕೈದು ನೀರಿನಲ್ಲಿ ತೊಳೆಯಿರಿ. ಕೊನೆಯ ನೀರು ಲೋಟದಲ್ಲಿ ತಿಳಿಯಾಗಿ ಕಾಣಬೇಕು. ನೆನೆಸುವ ನೀರು ಕುಡಿಯುವ ನೀರೇ ಇರಲಿ. ನಮ್ಮ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಗಡಸು ಬೇರೆ. ಮನೆಯವರು ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಾರೆ ಎಂದಾದರೆ ಹಕ್ಕಿಯ ಪಾಲಿಗೂ ಅದರಿಂದಲೇ ಒಂದು ಲೋಟ ತೆಗೆಯಿರಿ. ಕಾಳು ತಾನು ಕುಡಿದ ನೀರನ್ನು ಹಕ್ಕಿಯ ಹೊಟ್ಟೆಗೇ ಒಯ್ಯುತ್ತದೆ.

ಕಾಳಿನ ಮೂರು ಪಟ್ಟು ನೀರು ಸಾಕು. ನವಣೆ, ರಾಗಿ, ಸಾಮೆಗೆ 6ರಿಂದ 8 ಗಂಟೆ; ಹೆಸರಿಗೆ 8ರಿಂದ 10; ಗೋಧಿಗೆ 10ರಿಂದ 12. ರಾತ್ರಿ ಊಟ ಮುಗಿದ ಮೇಲೆ ಹಾಕಿ ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿಗೆ ಬಸಿದರೆ ಲೆಕ್ಕ ತಾನಾಗಿಯೇ ಸರಿಹೋಗುತ್ತದೆ. ಬೇಸಿಗೆಯಲ್ಲಿ ಮಲಗುವ ಮೊದಲು ಒಮ್ಮೆ ನೀರು ಬದಲಿಸಿ. ಮೇಲೆ ನೊರೆ ಕಟ್ಟಿತ್ತು ಎಂದರೆ ಹೆಚ್ಚು ಹೊತ್ತಾಗಿದೆ, ಅಥವಾ ಸೆಕೆ ಹೆಚ್ಚಾಗಿದೆ. ಬಸಿಯುವಾಗ ಹೆಸರುಕಾಳನ್ನು ಅಂಗೈಯಲ್ಲಿ ಆಡಿಸಿ ನೋಡಿ. ನೆನೆಯದೆ ಕಲ್ಲಿನಂತೆ ಉಳಿದವು ಬೆರಳಿಗೆ ಸಿಗುತ್ತವೆ. ತೆಗೆದು ಬಿಸಾಡಿ.

ನೆನೆಸುವ ನೀರಿಗೆ ಒಂದಿಷ್ಟು ವಿನೆಗರ್ ಹಾಕುವವರಿದ್ದಾರೆ. ಹಾಕಿದರೆ ನಷ್ಟವಿಲ್ಲ, ಮತ್ತೆ ತೊಳೆಯಬೇಕು ಅಷ್ಟೆ. ಕಾಳಿನ ಸಿಪ್ಪೆಯ ಬಿರುಕಿನೊಳಗೆ ಸೇರಿದ ರೋಗಾಣುವನ್ನು ಅದು ಪೂರ್ತಿ ಕೊಲ್ಲುವುದಿಲ್ಲ. ಅದನ್ನು ನಂಬಿಕೊಂಡು ತೊಳೆಯುವ ಸರದಿ ತಪ್ಪಿಸಿದರೆ ವಿನೆಗರ್ ಹಾಕದಿದ್ದಕ್ಕಿಂತ ಕಡೆ.

ಬಸಿದ ಮೇಲೆ ಸರದಿ ಆರಂಭ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿದೆ, ವರ್ಷದ ಬಹುಪಾಲು ಹವೆ ಮೊಳಕೆಗೆ ಹೇಳಿ ಮಾಡಿಸಿದ್ದು. ಡಿಸೆಂಬರ್, ಜನವರಿಯ ಚಳಿಯಲ್ಲಿ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ತೊಳೆದರೆ ನಡೆಯುತ್ತದೆ. ಮೊಳಕೆ ಒಂದೂವರೆ ಎರಡು ದಿನ ತೆಗೆದುಕೊಳ್ಳುತ್ತದೆ. ಶಿವರಾತ್ರಿ ಕಳೆದ ಮೇಲೆ ಮೂರು ಸಲ. ಯುಗಾದಿಯಿಂದ ಮಳೆ ಬೀಳುವವರೆಗೆ ನಾಲ್ಕು ಸಲ. ಆ ದಿನಗಳಲ್ಲಿ ಕೆಲಸಕ್ಕೆ ಹೋಗುವವರು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲ ಎಂದಾದರೆ ಮೊಳಕೆ ಬರಿಸುವುದನ್ನೇ ಬಿಡಿ, ನೆನೆಸಿದ ಕಾಳನ್ನೇ ಬೆಳಿಗ್ಗೆ ತೊಳೆದು ಹಾಕಿ. ಅದರಲ್ಲೂ ಅರ್ಧ ಗುಣ ಬಂದಿರುತ್ತದೆ. ಸೆಪ್ಟೆಂಬರ್, ಅಕ್ಟೋಬರಿನ ಮಳೆಗಾಲವೂ ಎಚ್ಚರದ್ದೇ. ಸೆಕೆ ಇರದಿದ್ದರೂ ಗಾಳಿಯಲ್ಲಿ ತೇವ, ಬೂಷ್ಟಿಗೆ ಹಬ್ಬ.

ಪ್ರತಿ ಸಲ ತೊಳೆಯುವಾಗಲೂ ಬಾಟಲಿಯ ತುಂಬ ನೀರು ಹಿಡಿದು, ಗರಗರ ತಿರುಗಿಸಿ, ಚೆಲ್ಲಿ, ಇನ್ನೊಮ್ಮೆ ಅದೇ ಮಾಡಿ, ಆಮೇಲೆ ಅಂಗೈಗೆ ಎರಡು ಸಲ ಬಡಿದು ಕೊನೆಯ ನೀರನ್ನೂ ಕೊಡವಿ. ಇಡುವ ಜಾಗ ನೆರಳಿನದಾಗಿರಲಿ, ಒಲೆಯಿಂದ ದೂರ. ಫ್ರಿಜ್ಜಿನ ನೆತ್ತಿ ಬೆಚ್ಚಗಿರುತ್ತದೆ. ಚಳಿಗಾಲದಲ್ಲಿ ಅದು ಅನುಕೂಲ, ಬೇಸಿಗೆಯಲ್ಲಿ ಕೇಡು. ಬೇಸಿಗೆಯಲ್ಲಿ ನಮ್ಮ ಬಾಟಲಿ ಕುಡಿಯುವ ನೀರಿನ ಮಡಕೆಯ ಪಕ್ಕ, ನೆಲದ ಮೇಲಿರುತ್ತದೆ.

ಬಿಳಿ ನವಿರು ಮತ್ತು ಬೂಷ್ಟು

ಹೊಸಬರು ಒಳ್ಳೆಯ ಮೊಳಕೆಯನ್ನು ಚೆಲ್ಲುವುದೂ ಕೆಟ್ಟದ್ದನ್ನು ಹಾಕುವುದೂ ಇಲ್ಲೇ. ರಾಗಿ ಅಥವಾ ನವಣೆ ಮೊಳೆತ ಎರಡನೆಯ ದಿನ ಬೇರಿನ ಸುತ್ತ ಹತ್ತಿಯ ಧೂಳಿನಂಥ ಬಿಳಿ ನವಿರು ಕಾಣುತ್ತದೆ. ನೋಡಿದ ಕೂಡಲೇ ಎದೆ ಝಲ್ಲೆನ್ನುತ್ತದೆ. ಅದು ಬೇರುಕೂದಲು. ಬೆಳಕಿಗೆ ಹಿಡಿದು ನೋಡಿ: ಪ್ರತಿ ಬೇರಿನಿಂದ ಸುತ್ತಲೂ ಒಂದೇ ಸಮ, ಸಣ್ಣ ಬ್ರಷ್ಷಿನಂತೆ ಎದ್ದಿರುತ್ತದೆ, ನೀರು ಹೊಯ್ದರೆ ಬೇರಿಗೆ ಅಂಟಿಕೊಂಡು ಮಾಯವಾಗುತ್ತದೆ. ಬೂಷ್ಟು ಹಾಗಲ್ಲ. ಅದು ಜೇಡನ ಬಲೆಯಂತೆ ಒಂದು ಕಾಳಿನಿಂದ ಇನ್ನೊಂದಕ್ಕೆ ಹಬ್ಬಿರುತ್ತದೆ, ಹೆಚ್ಚಾಗಿ ಮೊಳೆಯದ ಕಾಳಿನ ಮೇಲೆಯೇ ಹುಟ್ಟುತ್ತದೆ, ಆಮೇಲೆ ಬೂದು, ಹಸಿರು, ಕಪ್ಪು ಬಣ್ಣಕ್ಕೆ ತಿರುಗುತ್ತದೆ. ತೊಳೆದರೆ ಗುಡ್ಡೆಯಾಗಿ ಒಟ್ಟಿಗೆ ಬರುತ್ತದೆ. ಅಂಥ ಬಾಟಲಿಯಲ್ಲಿ ಆರಿಸಿ ಉಳಿಸುವಂಥದ್ದೇನೂ ಇಲ್ಲ, ಇಡಿಯಾಗಿ ಚೆಲ್ಲಿ.

ಕಣ್ಣಿಗಿಂತ ಮೂಗು ದೊಡ್ಡದು. ಒಳ್ಳೆಯ ಮೊಳಕೆಗೆ ಹಸಿ ಹುಲ್ಲಿನ, ಮೊದಲ ಮಳೆಗೆ ನೆನೆದ ಹೊಲದ ವಾಸನೆ. ಹುಳಿ, ಹೆಂಡ, ಮುಗ್ಗಲು, ಇವುಗಳಲ್ಲಿ ಯಾವುದರ ಸುಳಿವು ಬಂದರೂ ಬೇಡ. ಬೆರಳ ನಡುವೆ ಉಜ್ಜಿದಾಗ ಜಾರಿದರೂ ಬೇಡ. ಅನುಮಾನ ಬಂದಾಗ ನಾನು ಮನೆಯಲ್ಲಿ ಇನ್ನೊಬ್ಬರಿಗೆ ಮೂಸಲು ಕೊಡುತ್ತಿದ್ದೆ. ಈಗ ಅನುಮಾನ ಬಂತೆಂದರೆ ಚೆಲ್ಲುತ್ತೇನೆ. ಎರಡು ಚಮಚ ನವಣೆಗೆ ಎಷ್ಟಾಗುತ್ತದೆ!

ಮೊಳಕೆ 2ರಿಂದ 3 ಮಿಲಿಮೀಟರ್ ಬಂದಾಗ, ಅಂದರೆ ಬಾಲ ಈಗಷ್ಟೇ ಇಣುಕಿದಾಗ, ತೆಗೆಯಿರಿ. ಸಾರಿನ ಹೆಸರುಕಾಳಿನಂತೆ ಉದ್ದುದ್ದ ಬರಿಸಬೇಕಾಗಿಲ್ಲ. ಉದ್ದವಾದಷ್ಟೂ ತೇವದಲ್ಲಿ ಕಳೆದ ಗಂಟೆಗಳೂ ಹೆಚ್ಚು.

ಒಣಗಿಸದೆ ಒಳಗಿಡಬೇಡಿ

ಶೇಖರಣೆಯ ಬಗ್ಗೆ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ತೊಳೆದ ಒದ್ದೆ ಮೊಳಕೆಯನ್ನು ಹಾಗೇ ಡಬ್ಬಿಗೆ ಹಾಕಿ ಮುಚ್ಚಿದರೆ ಮಾರನೆಯ ದಿನಕ್ಕೇ ತಳದಲ್ಲಿ ಲೋಳೆ. ಕೊನೆಯ ಸಲ ತೊಳೆದ ಮೇಲೆ ಒಣ ಹತ್ತಿಬಟ್ಟೆಯ ಮೇಲೆ ತೆಳ್ಳಗೆ ಹರಡಿ, ಇನ್ನೊಂದು ಬಟ್ಟೆಯಿಂದ ಮೇಲೆ ಒತ್ತಿ, ಫ್ಯಾನಿನ ಕೆಳಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬಿಡಿ. ಮುಟ್ಟಿದರೆ ತಂಪು ಅನ್ನಿಸಬೇಕು, ಬೆರಳಿಗೆ ನೀರು ಹತ್ತಬಾರದು. ಕಾಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಉದುರಬೇಕು. ಬಿಸಿಲಿಗೆ ಹಾಕಬೇಡಿ, ಮೊಳಕೆ ಬಾಡುತ್ತದೆ. ಗಂಟೆಗಟ್ಟಲೆ ಮರೆತುಬಿಡಲೂ ಬೇಡಿ. ಒಮ್ಮೆ ನಾನು ಹರಡಿಟ್ಟು ಮದುವೆ ಮನೆಗೆ ಹೋಗಿ ಬಂದಾಗ ಇರುವೆಗಳು ಅರ್ಧ ಸಾಗಿಸಿದ್ದವು.

ಡಬ್ಬಿ ಅಗಲವಾಗಿ, ಆಳ ಕಡಿಮೆಯಾಗಿರಲಿ. ಗಾಜು ಒಳ್ಳೆಯದು, ಸ್ಟೀಲೂ ಆದೀತು. ತಳಕ್ಕೆ ಒಂದು ಮಡಿಕೆ ಟಿಶ್ಯೂ ಕಾಗದ ಅಥವಾ ಬಟ್ಟೆ, ಅದರ ಮೇಲೆ ಮೊಳಕೆ ಒಂದು ಬೆರಳ ದಪ್ಪಕ್ಕಿಂತ ಹೆಚ್ಚಿಲ್ಲದೆ. ಮುಚ್ಚಳವನ್ನು ಬಿಗಿಯಾಗಿ ಒತ್ತಬೇಡಿ, ಸುಮ್ಮನೆ ಮೇಲಿಡಿ. ಫ್ರಿಜ್ಜಿನೊಳಗೂ ಮೊಳಕೆ ನಿಧಾನವಾಗಿ ಉಸಿರಾಡುತ್ತಲೇ ಇರುತ್ತದೆ, ಬಿಗಿ ಮುಚ್ಚಳದ ಒಳಬದಿಯಲ್ಲಿ ಹನಿ ಕಟ್ಟಿ ಮತ್ತೆ ಕಾಳಿನ ಮೇಲೇ ಬೀಳುತ್ತದೆ. ಟಿಶ್ಯೂ ಒದ್ದೆಯಾದರೆ ಬದಲಿಸಿ.

ಫ್ರಿಜ್ಜಿನ ಬಾಗಿಲಿನ ಅರೆ ಬೇಡ, ದಿನಕ್ಕೆ ಇಪ್ಪತ್ತು ಸಲ ತೆರೆಯುವ ಬಾಗಿಲಿಗೆ ತಂಪು ನಿಲ್ಲುವುದಿಲ್ಲ. ನಡುವಿನ ಅರೆಯಲ್ಲಿ, ಹಿಂದಕ್ಕೆ, 4 ಡಿಗ್ರಿಯ ಆಸುಪಾಸಿನಲ್ಲಿ ಇರಲಿ. ಹಸಿ ಮಾಂಸ, ಮೀನು, ಮೊಟ್ಟೆಯ ಕೆಳಗೆ ಇಡಲೇಬೇಡಿ. ಡಬ್ಬಿಯ ಮೇಲೆ ಮಾಡಿದ ದಿನ ಬರೆದ ಕಾಗದ ಅಂಟಿಸಿ. ನೆನಪಿನ ಶಕ್ತಿಯನ್ನು ನಂಬಿ ನಾನು ಮೋಸಹೋಗಿದ್ದೇನೆ. ಎರಡು ದಿನ ನಿಶ್ಚಿಂತೆ, ಮೂರನೆಯ ದಿನ ಮೂಸಿ ನೋಡಿ, ನಾಲ್ಕನೆಯ ದಿನ ಗಿಡದ ಬುಡಕ್ಕೆ. ನಡುವೆ ಕರೆಂಟ್ ಹೋಗಿ ನಾಲ್ಕು ಗಂಟೆಗಿಂತ ಹೆಚ್ಚು ಬಾರದಿದ್ದರೆ ದಿನದ ಲೆಕ್ಕ ಬಿಟ್ಟು ಅಂದೇ ಗಿಡದ ಬುಡಕ್ಕೆ. ಫ್ರೀಜರಿನಲ್ಲಿಟ್ಟರೆ ಕರಗಿದ ಮೇಲೆ ಮೆತ್ತಗಾಗಿ ನೀರು ಬಿಡುತ್ತದೆ, ಪ್ರಯೋಜನವಿಲ್ಲ.

ಭಾನುವಾರ ಒಂದೇ ಸಲ ವಾರಕ್ಕಾಗುವಷ್ಟು ಮಾಡಿಡುವ ಯೋಚನೆ ಎಲ್ಲರಿಗೂ ಬರುತ್ತದೆ. ಬೇಡ. ನಮ್ಮಲ್ಲಿ ಎರಡು ಬಡ್ಜಿ, ಒಂದು ಕಾಕಟೀಲ್. ಬಡ್ಜಿಗೆ ಒಂದು ಟೀ ಚಮಚ, ಕಾಕಟೀಲಿಗೆ ಎರಡು, ಒಟ್ಟು ದಿನಕ್ಕೆ ನಾಲ್ಕು ಚಮಚ ಮೊಳಕೆ. ಅದಕ್ಕೆ ಎರಡು ಚಮಚ ಒಣಕಾಳು ಸಾಕು. ಎರಡು ದಿನಕ್ಕೆ ನಾಲ್ಕು ಚಮಚ ಒಣಕಾಳು ನೆನೆಹಾಕುತ್ತೇನೆ, ಮುಗಿಯುವ ಹಿಂದಿನ ರಾತ್ರಿ ಮುಂದಿನದನ್ನು ಹಾಕುತ್ತೇನೆ. ಮೊಸರಿಗೆ ಹೆಪ್ಪು ಹಾಕುವ ಹಾಗೆ ಇದೂ ಕೈಗೆ ಅಭ್ಯಾಸವಾಗುತ್ತದೆ.

ಪಂಜರದೊಳಗೆ

ಬೆಳಿಗ್ಗೆ, ಹಸಿವಿರುವಾಗ, ಒಣಕಾಳಿಗೆ ಮೊದಲು ಕೊಡಿ. ಹಾಕುವ ಮುನ್ನ ಇನ್ನೊಮ್ಮೆ ತೊಳೆದು, ಒರೆಸಿ, ಫ್ರಿಜ್ಜಿನ ಚಳಿ ಬಿಡುವಷ್ಟು ಹೊತ್ತು ಹೊರಗಿಟ್ಟು ಹಾಕಿ. ಒಣಕಾಳಿನ ಬಟ್ಟಲು ಬೇರೆ, ಇದಕ್ಕೆ ಸ್ಟೀಲಿನ ಚಿಕ್ಕ ಬಟ್ಟಲು ಬೇರೆ. ಒದ್ದೆ ಮೊಳಕೆ ಒಣಕಾಳಿನ ಜೊತೆ ಬೆರೆತರೆ ಎರಡೂ ಕೆಡುತ್ತವೆ. ಹಕ್ಕಿ ಕೂರುವ ಕೋಲಿನ ಕೆಳಗೆ ಇಡಬೇಡಿ, ಹಿಕ್ಕೆ ನೇರ ಅದರೊಳಗೇ ಬೀಳುತ್ತದೆ. ಚಳಿಗಾಲದಲ್ಲಿ ಮೂರು ಗಂಟೆ, ಬೇಸಿಗೆಯಲ್ಲಿ ಒಂದೂವರೆ ಗಂಟೆ ಕಳೆದ ಮೇಲೆ ತಿಂದಿರಲಿ ಬಿಡಲಿ ತೆಗೆದುಬಿಡಿ. ಪಂಜರದ ತಟ್ಟೆಗೆ ಉದುರಿದ್ದನ್ನೂ ಗುಡಿಸಿ, ಬಡ್ಜಿಗಳು ಸಂಜೆ ಕೆಳಗಿಳಿದು ಅದನ್ನೇ ಹೆಕ್ಕುತ್ತವೆ. ಬಟ್ಟಲಿನಲ್ಲಿ ಉಳಿದದ್ದನ್ನು ಮತ್ತೆ ಡಬ್ಬಿಗೆ ಸೇರಿಸುವ ಜಿಪುಣತನ ಬೇಡ.

ಮರಿಗಳಿಲ್ಲದ ಜೋಡಿಗೆ ದಿನವೂ ಮೊಳಕೆ ಹಾಕಿದರೆ ಸುಗ್ಗಿ ಬಂತೆಂದು ಮೊಟ್ಟೆಯಿಡಲು ಹೊರಡುತ್ತವೆ. ಅದು ಬೇಡವಾದವರು ವಾರಕ್ಕೆ ಎರಡು ಮೂರು ದಿನಕ್ಕೆ ನಿಲ್ಲಿಸಿ. ಮೊದಲ ಸಲ ಹಾಕಿದಾಗ ಹಿಕ್ಕೆ ತುಸು ನೀರಾಗುವುದು ಸಹಜ. ಗರಿ ಉಬ್ಬಿಸಿ ಕೂತರೆ, ಕಾರಿಕೊಂಡರೆ, ಗಂಟಲ ಚೀಲ ಬೆಳಿಗ್ಗೆಯೂ ಉಬ್ಬಿಕೊಂಡೇ ಇದ್ದರೆ ಮೊಳಕೆ ನಿಲ್ಲಿಸಿ ಅಂದೇ ಪಶುವೈದ್ಯರಿಗೆ ತೋರಿಸಿ. ಹಕ್ಕಿ ಕಾಯಿಲೆಯನ್ನು ಕೊನೆಯವರೆಗೂ ಬಚ್ಚಿಡುತ್ತದೆ. ನಾಳೆ ನೋಡೋಣ ಎನ್ನುವಷ್ಟು ಸಮಯ ಕೊಡುವುದಿಲ್ಲ. ನಾನು ಹಾಗೆಂದೇ ಒಂದು ದಿನ ಕಾದಿದ್ದೆ.

ಬಾಟಲಿಯನ್ನು ತೊಳೆಯುವುದು

ಪ್ರತಿ ಬಾರಿ ಮುಗಿದ ಮೇಲೆ ಸೋಪು ಹಾಕಿ ಬ್ರಷ್ಷಿನಿಂದ ತಿಕ್ಕಿ, ಜಾಲಿಸಿ, ಮೊದಲು ಬೆಚ್ಚನೆಯ ನೀರು ಆಡಿಸಿ ಆಮೇಲೆ ಕುದಿನೀರು ಹೊಯ್ಯಿರಿ. ತಣ್ಣನೆಯ ಗಾಜಿಗೆ ಒಮ್ಮೆಲೇ ಕುದಿನೀರು ಹೊಯ್ದರೆ ಸಿಡಿಯುತ್ತದೆ. ನಮ್ಮ ಗಡಸು ನೀರಿಗೆ ಬಾಟಲಿಯೊಳಗೆ ಬಿಳಿ ಪದರ ಕಟ್ಟುತ್ತದೆ, ಲೋಳೆ ಹಿಡಿದುಕೊಳ್ಳುವುದೇ ಆ ಒರಟಿಗೆ. ಹಿಂಡಿದ ನಿಂಬೆಯ ಹೋಳಿನಿಂದ ಉಜ್ಜಿದರೆ ಬಿಡುತ್ತದೆ. ಬಾಯಿಯ ಬಟ್ಟೆಯನ್ನು ಕುದಿಸಿ, ಬಿಸಿಲಿಗೆ ಹಾಕಿ. ಎರಡು ಬಾಟಲಿ, ಮೂರು ಬಟ್ಟೆ ಇಟ್ಟುಕೊಂಡರೆ ಒಂದು ಪೂರ್ತಿ ಒಣಗುವವರೆಗೆ ಇನ್ನೊಂದು ಕೆಲಸಕ್ಕೆ ಬರುತ್ತದೆ.

ಕೈತಪ್ಪಿ ಉದ್ದ ಬೆಳೆದುಬಿಟ್ಟ ಗೋಧಿ ಮೊಳಕೆಯನ್ನು ನಾನು ಎಸೆಯುವುದಿಲ್ಲ, ವಾಸನೆ ಸರಿಯಿದ್ದರೆ ಮಾತ್ರ. ಅಡ್ಡ ಕತ್ತರಿಸಿದ ಹಳೆಯ ನೀರಿನ ಕ್ಯಾನಿನ ತಳದಲ್ಲಿ ಗೊಬ್ಬರ ಬೆರೆಸದ ಮಣ್ಣು ಹಾಕಿ, ಮೇಲೆ ಹರಡಿ, ನೀರು ಚಿಮುಕಿಸಿ ಕಿಟಕಿಯ ಬಳಿ ಇಡುತ್ತೇನೆ. ಹತ್ತು ದಿನಕ್ಕೆ ಗೇಣುದ್ದದ ಗೋಧಿ ಹುಲ್ಲು. ಬುಡದಿಂದ ಮೇಲಕ್ಕೆ ಕತ್ತರಿಸಿ, ತೊಳೆದು, ಪಂಜರದ ಸರಳಿಗೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿದರೆ ಕಾಕಟೀಲ್ ಮೊದಲು ಕ್ಲಿಪ್ಪನ್ನು ಕಚ್ಚಿ ನೋಡಿ, ಆಮೇಲೆ ಹುಲ್ಲಿಗೆ ಬರುತ್ತದೆ.